ಬೆಕ್ಕಿನ ನಿದ್ದೆಗೆ ಅಭಿನಂದನೆ ಕಳಿಸಿದವರಿಗೆ

ವಿದ್ಯಾರ್ಥಿ ಯೋಗಕ್ಷೇಮಾಧಿಕಾರಿಗಳೂ, ಮುನ್ನೂರ ಹನ್ನೆರಡು ಮನಸ್ಸುಗಳನ್ನ ಒಂದೇ ಗೋಡೆಗೆ ನೇತುಹಾಕಿ ಕಾಯ್ತಿರೋ ಮಹಾತಾಯಿಯೂ ಆದ ಮಾನ್ಯರೇ,

ಇಲ್ಲ, ನಾನು ಬಾಗಿಲು ಒಡೆದಿಲ್ಲ. ಒಡೆಯೋದು ಅಂದ್ರೆ ಹಲಗೆ ಸೀಳಬೇಕು, ಚೌಕಟ್ಟು ಕಿತ್ತು ಬರಬೇಕು, ಅಂಥದ್ದೇನೂ ಆಗಿಲ್ಲ; ಒಳಗಿನ ಚಿಲಕದ ನಾಲ್ಕು ಸ್ಕ್ರೂ ಕಿತ್ತು ಬಂದವು, ಅದರಲ್ಲಿ ಮೂರನ್ನ ಅವತ್ತು ಮಧ್ಯಾಹ್ನವೇ ನನ್ನ ಕೈಯಾರೆ ತಿರುಗಿಸಿ ಕೂರಿಸಿದ್ದೀನಿ, ನಾಲ್ಕನೇದು ಮಂಚದ ಕೆಳಗೆ ಎಲ್ಲೋ ಉರುಳಿದೆ, ತಾವು ಯಾವತ್ತಾದ್ರೂ ಆ ರೂಮಿಗೆ ಕಾಲಿಟ್ರೆ ಬಗ್ಗಿ ಹುಡುಕಿ ಕೊಡಿ. ಒಂದೇ ಒಂದು ಸಲ ಹೆಗಲು ಕೊಟ್ಟಿದ್ದಕ್ಕೆ "ಬಾಗಿಲು ಒಡೆಯೋ ರೌಡಿ" ಅಂತ ಮೆಸ್ಸಿನ ಮುಂದೆ, ಊಟಕ್ಕೆ ಸಾಲು ನಿಂತಿದ್ದ ಅಷ್ಟೂ ಜನರ ಎದುರಿಗೆ ಬಿರುದು ಕೊಟ್ರಲ್ಲ, ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಡಿ ಅಂದ್ರೆ "ಬರಹದಲ್ಲಿ ಅಂಥ ಮಾತು ಚೆನ್ನಾಗಿರಲ್ಲಪ್ಪ" ಅಂದ್ರಿ. ಹಾಗಾಗಿ ತಾವು ಬರೆಯದ ಆರೋಪಕ್ಕೆ ನಾನು ಬರೆದು ಉತ್ತರ ಕೊಡ್ತಿದ್ದೀನಿ. ಅದಕ್ಕೂ ಮುಂಚೆ, ಪದ್ಧತಿ ಅಂತ ಒಂದಿದೆಯಲ್ಲ, ತಮಗೂ, ತಮ್ಮ ಗೋಡೆ ಮೇಲಿನ ಟೀವಿ ಪರದೆಗೂ, ತಮ್ಮ ಪ್ಲಾಸ್ಟಿಕ್ ಗಿಡಕ್ಕೂ ಅನಂತ ನಮಸ್ಕಾರ.

ನಮ್ಮ ಲಾಂಡ್ರಿ ಗೋಡೆ ಮೇಲೆ ಅಂಟಿಸಿದ ಮೇಲೆ ಇದನ್ನ ಬೇರೆಯವರೂ ಓದ್ತಾರೆ, ಅವರಿಗೋಸ್ಕರ ಹೇಳ್ತೀನಿ: ನಾನು ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯೋ ಮಿಷನ್ನು ನಡೆಸೋನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆ; ಸ್ಕೂಲೇನೂ ಅತ್ತು ಕರೆದು ವಾಪಸ್ ಕೂರಿಸಿಕೊಳ್ಳಲಿಲ್ಲ. ಅವತ್ತಿಂದ ನಮ್ಮ ಚಿಕ್ಕಮ್ಮನ ಕೈಕೆಳಗೆ ಇದ್ದೀನಿ. ಚಿಕ್ಕಮ್ಮಂದು ಇಸ್ತ್ರಿ, ನಂದು ಮಿಷನ್ನು, ಬಟ್ಟೆ ಒಣಗಿಸೋ ಬಿಸಿ ಪೆಟ್ಟಿಗೆ ಮೇಲೆ ಮಲಗೋ ಕೆಲಸ ನಮ್ಮ ಬೆಕ್ಕಿಂದು. ಕಾಗುಣಿತ ತಪ್ಪಿದ್ರೆ ಕ್ಷಮಿಸಿ. ತಮ್ಮ ಹತ್ರ ನಾನು ಕೇಳೋ ಕ್ಷಮೆ ಇದೊಂದೇ, ಬೇರೆ ಎಲ್ಲೂ ಹುಡುಕಬೇಡಿ.

ಈಗ ನಾನು ತಮ್ಮ ಆಫೀಸಲ್ಲೇ ಕೂತಿದ್ದೀನಿ. ಕೂತಿದ್ದೀನಿ ಅನ್ನೋದೂ ತಪ್ಪೇ; ತಾವು ಇಲ್ಲಿ ಕುರ್ಚಿ ಬದಲು ಕಾಳು ತುಂಬಿದ ಮೆತ್ತನೆ ಚೀಲಗಳನ್ನ ಇಟ್ಟಿದ್ದೀರಿ, ಅದರಲ್ಲಿ ಹೂತುಹೋಗಿದ್ದೀನಿ, ಮಂಡಿ ಕಿವಿ ಹತ್ರ ಬಂದಿದೆ, ಏಳಬೇಕಾದ್ರೆ ಯಾರಾದ್ರೂ ಕೈ ಹಿಡಿದು ಎಳೀಬೇಕು. ಎಂಥ ದೂರದೃಷ್ಟಿ ತಮ್ಮದು! ಕಷ್ಟ ಹೇಳ್ಕೊಳ್ಳೋಕೆ ಬಂದೋನು ಸಿಟ್ಟು ಬಂದ್ರೂ ಎದ್ದು ಹೋಗೋ ಹಾಗಿಲ್ಲ. "ಸಂಜೆ ಒಳಗೆ ಈ ಕಾಗದಕ್ಕೆ ಸಹಿ ಹಾಕಿ ಕೆಳಗೆ ಕ್ಷಮಾಪಣೆ ಬರೆದಿಡು, ನಂಗೆ ಮೀಟಿಂಗಿದೆ" ಅಂತ ಹೋದ್ರಲ್ಲ, ಆ ಮೀಟಿಂಗಿನ ಹೆಸರು ಬಾಗಿಲ ಮೇಲೆ ಅಂಟಿಸಿದೆ, "ಕೇಳಿಸಿಕೊಳ್ಳುವ ಕಲೆ" ಅಂತ. ನಾನು ಬಾಯಿ ತೆಗೆಯೋಕೆ ಮುಂಚೆನೇ ತಾವು ಅದನ್ನ ಕಲಿಯೋಕೆ ಓಡಿದ್ದು ನೋಡಿ ಮನಸ್ಸು ತುಂಬಿ ಬಂತು.

ಆ ಕಾಗದ ಇಲ್ಲೇ ನನ್ನ ಮಂಡಿ ಮೇಲಿದೆ. ಅದರಲ್ಲಿ ಏನಿದೆ ಅಂದ್ರೆ, ನಲವತ್ತೊಂದನೇ ರೂಮಿನ ಹುಡುಗ ಹೆಜ್ಜೆ, ನಿದ್ದೆ ಎಣಿಸೋ ತನ್ನ ಕೈಪಟ್ಟಿಯನ್ನ ಬೇಕಂತಲೇ ನನಗೆ ಕೊಟ್ಟು, ವಿಶ್ವವಿದ್ಯಾಲಯಕ್ಕೆ ಮೋಸ ಮಾಡು ಅಂತ ಹೇಳಿದ, ನಾನು ಅಮಾಯಕ, ಹೇಳಿದ್ದು ಮಾಡಿದೆ. ಸಹಿ ಹಾಕಿದ್ರೆ ಚಿಲಕದ ವಿಷಯ ಮಾಫಿ, ಲಾಂಡ್ರಿ ಕೆಲಸ ಗಟ್ಟಿ. ಅವನನ್ನ ಮಾತ್ರ ನಾಳೆ ಹಾಸ್ಟೆಲಿಂದ ಕಳಿಸ್ತೀರಿ, ಪೂರ್ತಿ ಹುಷಾರಾದ ಮೇಲೆ ವಾಪಸ್ ಬರಬಹುದಂತೆ. ಜ್ವರ ಇಳಿದ ಮೇಲೆ ಆಸ್ಪತ್ರೆಗೆ ಬಾ ಅಂದ ಹಾಗಾಯ್ತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಕೇಳಿದ್ದೆ, ಮೇಕೆ ಕೈಲಿ ಸಹಿ ಬೇರೆ ಹಾಕಿಸ್ಕೊಳ್ಳೋ ಕೋತೀನ ಇದೇ ಮೊದಲು ನೋಡ್ತಿರೋದು. ಬೈಗುಳ ಅಂದ್ಕೋಬೇಡಿ, ಗಾದೆ.

ಮೊದಲು ತಮ್ಮ ಯೋಜನೆಯನ್ನ ಹೊಗಳಲೇಬೇಕು. ಹುಡುಗರು ನಿದ್ದೆ ಮಾಡಲ್ಲ, ನಡೆಯಲ್ಲ, ತಿಂಡಿ ಬಿಡ್ತಾರೆ, ಫೋನು ಉಜ್ಜಿ ಉಜ್ಜಿ ಮನಸ್ಸು ಸವೆಸ್ಕೊಳ್ತಾರೆ ಅಂತ ತಮಗೆ ಯಾರೋ ಹೇಳಿದ್ರು. ಅಲ್ಲೀವರೆಗೂ ನಿಜ. ಅದಕ್ಕೆ ತಾವು ಎಲ್ಲರ ಕೈಗೂ ಒಂದೊಂದು ರಬ್ಬರ್ ಪಟ್ಟಿ ಕಟ್ಟಿದ್ರಿ. ದಿನಕ್ಕೆ ಎಂಟು ಸಾವಿರ ಹೆಜ್ಜೆ, ಏಳು ಗಂಟೆ ನಿದ್ದೆ. ಅಷ್ಟಾದ್ರೆ ತಮ್ಮ ಗೋಡೆ ಪರದೆ ಮೇಲೆ ಆ ಹುಡುಗನ ಹೆಸರಿನ ಮುಂದೆ, ಹೆಜ್ಜೆಗೊಂದು ನಿದ್ದೆಗೊಂದು, ಹಸಿರು ಮುಖ ನಗುತ್ತೆ, ಆಗದಿದ್ರೆ ಕೆಂಪು ಮುಖ ಅಳುತ್ತೆ. ಕೆಂಪು ಮುಖದೋರಿಗೆ ಏನು ಔಷಧಿ? ಭಾನುವಾರ ಬೆಳಗ್ಗೆ ಆರು ಗಂಟೆಗೆ ಎಬ್ಬಿಸಿ "ನಿದ್ದೆಯ ಮಹತ್ವ" ಅಂತ ಎರಡು ಗಂಟೆ ಭಾಷಣ. ಮಾನ್ಯರೇ, ಎಂಟನೇ ಕ್ಲಾಸು ಬಿಟ್ಟ ನನ್ನ ತಲೆಗೆ ಹೊಳೆಯದ ಉಪಾಯ ಇದು. ಹಸಿದೋನಿಗೆ ಊಟದ ಬಗ್ಗೆ ಭಾಷಣ, ಅದೂ ಊಟದ ಹೊತ್ತಲ್ಲೇ!

ಆ ಭಾಷಣಕ್ಕೆ ಹೆದರಿ ಹುಡುಗರು ಏನು ಮಾಡಿದ್ರು ಅಂತ ಈಗ ಹೇಳಿಬಿಡ್ತೀನಿ. ಮೊದಲನೇದು ಬರೀ ಮರೆವು. ಒಬ್ಬ ಪ್ಯಾಂಟಿನ ಜೇಬಲ್ಲಿ ಪಟ್ಟಿ ಬಿಟ್ಟು ಒಗೆಯೋಕೆ ಹಾಕಿದ್ದ, ನಾನೂ ನೋಡಲಿಲ್ಲ, ಅದು ಮಿಷನ್ನಿನ ಹೊಟ್ಟೆಯಲ್ಲಿ ಐವತ್ತು ನಿಮಿಷ ತಿರುಗಿ ಹತ್ತೊಂಬತ್ತು ಸಾವಿರ ಹೆಜ್ಜೆ ನಡೀತು. ಅವನು ಮಂಚದ ಮೇಲೆ ಬಿದ್ಕೊಂಡು ನೂಡಲ್ಸ್ ತಿಂತಿದ್ದ ಹೊತ್ತಿಗೆ ತಾವು ಅವನಿಗೆ "ವಾರದ ಚುರುಕು ವಿದ್ಯಾರ್ಥಿ" ಅಂತ ಸರ್ಟಿಫಿಕೇಟು ಕಳಿಸಿದ್ರಿ, ಜೊತೆಗೆ ನೀರಿನ ಬಾಟಲಿ. ಆಮೇಲೆ ಕೇಳ್ತೀರಾ! ಪ್ರತಿ ಬಟ್ಟೆ ಗಂಟಿನಲ್ಲೂ ಒಂದು ಪಟ್ಟಿ. "ಅಣ್ಣಾ, ನಂದು ಒಂಚೂರು ಜೋರಾಗಿ ತಿರುಗಿಸು, ನಿನ್ನೆ ಕೆಂಪು ಬಂದಿದೆ" ಅಂತ ಒಬ್ಬ, "ನಂದು ಕಂಬಳಿ ಜೊತೆ ಹಾಕಬೇಡ ಅಣ್ಣಾ, ನಿಧಾನ ಆಗುತ್ತೆ, ಟವೆಲ್ ಜೊತೆ ಹಾಕು" ಅಂತ ಇನ್ನೊಬ್ಬ. ಚಿಕ್ಕಮ್ಮ ಅಂತೂ "ಈ ಮಕ್ಕಳ ಬದಲು ಮಿಷನ್ನೇ ಪರೀಕ್ಷೆಗೂ ಕೂತ್ಕೊಳ್ಳಲಿ, ಪಾಸಾದ್ರೂ ಆಗುತ್ತೆ" ಅಂತ ಬೈತಾನೇ ಜೇಬು ತಡಕ್ತಿದ್ದಳು. ಹಾಕಿದೆ, ತಿರುಗಿಸಿದೆ, ನಾನೇ. ಯಾರ್ಯಾರದು ಅಂತ ಮಾತ್ರ ಕೇಳಬೇಡಿ. ಆ ನೆನಪು ಬಿಸಿನೀರಲ್ಲಿ ಒಗೆದು ಹೋಗಿದೆ. ಆ ತಿಂಗಳು ಅತಿ ಆರೋಗ್ಯವಂತ ಹಾಸ್ಟೆಲ್ ಅಂತ ತಮಗೊಂದು ಗಾಜಿನ ಫಲಕ ಬಂತಲ್ಲ, ಈ ಕಿಟಕಿ ಪಕ್ಕದಲ್ಲಿದೆ ನೋಡಿ, ಅದರ ಅರ್ಧ ನಮ್ಮ ಎರಡನೇ ನಂಬರ್ ಮಿಷನ್ನಿಗೆ ಸೇರಬೇಕು.

ತಮ್ಮ ಪಟ್ಟಿ ಸುಳ್ಳು ಹೇಳುತ್ತೆ ಮಾನ್ಯರೇ, ಬಟ್ಟೆ ಹೇಳಲ್ಲ. ಹಾಸಿಗೆ ಬಟ್ಟೆಯಲ್ಲಿ ನೂಡಲ್ಸಿನ ಎಣ್ಣೆ ಕಂಡ್ರೆ ಅವನು ಮೆಸ್ಸಿಗೆ ಹೋಗ್ತಿಲ್ಲ ಅಂತ ಲೆಕ್ಕ. ಓಡೋಕೆ ಅಂತ ತಂದ ಕಾಲುಚೀಲ ಆರು ತಿಂಗಳಾದ್ರೂ ಬೆಳ್ಳಗೇ ಇದ್ರೆ ಹುಟ್ಟುಹಬ್ಬದ ದಿನ ಮಾಡಿದ ಶಪಥ ಅಲ್ಲಿಗೇ ಮುಗೀತು. ಅಂಗಿ ಎದೆ ಮೇಲೆ ಕಾಫಿ ಕಲೆ ಒಂದರ ಮೇಲೊಂದು ಬಿದ್ರೆ ಪರೀಕ್ಷೆ ಹತ್ರ ಬಂತು. ತೋಳಿನ ತುದಿ ಒದ್ದೆಯಾಗಿ ನೂಲು ಎದ್ದಿದ್ರೆ ಅದನ್ನ ಹಲ್ಲಲ್ಲಿ ಕಚ್ತಾ ಕೂತಿದ್ದಾನೆ, ಏನೋ ಹೆದರಿಕೆ ಇದೆ, ಅಂಥೋನಿಗೆ ಅಂಗಿ ಕೊಡುವಾಗ ಚಿಕ್ಕಮ್ಮ ಒಂದು ನಿಮಿಷ ಜಾಸ್ತಿ ಮಾತಾಡಿಸ್ತಾಳೆ, "ಯಾಕೋ ಮರಿ, ಅಂಗಿ ತಿನ್ನೋ ಅಷ್ಟು ಹಸಿವಾ, ಬಾ ಇಲ್ಲಿ, ಟೀ ಕುಡಿ" ಅಂತ. ದಿಂಬಿನ ಕವರಿನ ಒಂದೇ ಪಕ್ಕ ಮತ್ತೆ ಮತ್ತೆ ಉಪ್ಪು ಕಟ್ಟಿದ್ರೆ ಅದರ ಬಗ್ಗೆ ನಾವು ತಮಾಷೆ ಮಾಡಲ್ಲ, ಸುಮ್ನೆ ಒಗೀತೀವಿ.

ಆಮೇಲೆ ನಮ್ಮ ಲಾಂಡ್ರಿಯಲ್ಲಿ ಒಂದು ಕಾನೂನಿದೆ, ಚಿಕ್ಕಮ್ಮನ ಕಾನೂನು. ಗೋಡೆಗೆ ಮರದ ಗೂಡುಗಳಿವೆ, ರೂಮಿಗೊಂದು. ಒಗೆದು ಇಸ್ತ್ರಿ ಮಾಡಿದ್ದನ್ನ ಅದರಲ್ಲಿ ಇಡ್ತೀವಿ, ಅವರು ಬಂದು ತಗೊಂಡು ಹೋಗ್ತಾರೆ. ಯಾರ ಗೂಡಾದ್ರೂ ತುಂಬಿ ಎಂಟು ದಿನ ಆದ್ರೆ ಗಂಟು ಹೊತ್ಕೊಂಡು ನಾವೇ ಹೋಗಬೇಕು, ಬಾಗಿಲು ತಟ್ಟಬೇಕು, ಕೈಗೇ ಕೊಡಬೇಕು, ಮುಖ ನೋಡಬೇಕು. ಬಾಗಿಲ ಮುಂದೆ ಇಟ್ಟು ಬಂದ್ರೆ ಚಿಕ್ಕಮ್ಮ ವಾಪಸ್ ಅಟ್ಟುತ್ತಾಳೆ. "ಬಟ್ಟೆ ಬೇಡ ಅನ್ನಿಸೋ ಅಷ್ಟು ಬೇಜಾರಾಗಿದ್ರೆ ಅದು ಬಟ್ಟೆ ವಿಷಯ ಅಲ್ಲ" ಅಂತಾಳೆ. ಅವಳು ನನ್ನಷ್ಟೂ ಓದಿಲ್ಲ.

ನಲವತ್ತೊಂದನೇ ಗೂಡಿನೋನನ್ನ ನಾವು ಮಡಿಕೆ ಮಾಸ್ತರ ಅಂತ ಕರೀತೀವಿ, ಯಾಕಂದ್ರೆ ಕೊಳೆ ಬಟ್ಟೇನೂ ಮಡಚಿ ಕಳಿಸೋ ಪ್ರಾಣಿ ಅವನೊಬ್ಬನೇ. ಅಂಗಿಗೆ ಗುಂಡಿ ಹಾಕಿ, ಕಾಲುಚೀಲ ಜೋಡಿ ಕಟ್ಟಿ, ಕರ್ಚೀಫು ನಾಲ್ಕು ಮಡಿಕೆ. "ಯಾವ ಸಂಬಂಧ ನೋಡೋಕೆ ಕಳಿಸ್ತಿದ್ದೀಯೋ ಇದನ್ನ?" ಅಂತ ಅಣಕಿಸಿದ್ರೆ "ನಿಂಗೆ ಎಣಿಸೋಕೆ ಸುಲಭ ಆಗಲಿ ಅಂತ ಕಣೋ" ಅಂತಿದ್ದ. ಹೊಸ ಮಿಷನ್ನು ಬಂದಾಗ ಅದರ ಪುಸ್ತಕವನ್ನ ಮೂರು ಸಂಜೆ ನನ್ನ ಪಕ್ಕ ಕೂತು ಓದಿ ಹೇಳಿಕೊಟ್ಟಿದ್ದಾನೆ, ಒಂದು ಸಲಾನೂ ನಗಲಿಲ್ಲ. ಅಂಥೋನ ಬಟ್ಟೆ ಈ ಸಲ ಹೇಗೆ ಬಂತು ಗೊತ್ತಾ? ಮೊದಲು ಕಾಲುಚೀಲದ ಜೋಡಿ ಬಿಟ್ಟಿತು. ಮುಂದಿನ ಸಲ ಅಂಗಿಗಳು ಮುದ್ದೆ. ಕೊನೇ ಸಲ ತೋಳಿನ ತುದಿ ಎರಡೂ ಕಚ್ಚಿ ಹರಿದಿದ್ವು, ಮತ್ತೆ ಜೇಬಲ್ಲಿ ಪಟ್ಟಿ ಇತ್ತು. ಅವನು ಅಲ್ಲೀವರೆಗೆ ಯಾವತ್ತೂ ಪಟ್ಟಿ ಕಳಿಸಿದೋನಲ್ಲ, ತಿರುಗಿಸು ಅಂತ ಕೇಳಿದೋನಲ್ಲ. ಬಿಚ್ಚಿ ಜೇಬಿಗೆ ಹಾಕ್ಕೊಂಡಿದ್ದಾನೆ, ಮರೆತಿದ್ದಾನೆ. ಇಷ್ಟೇ.

ಇಲ್ಲಿ ನನ್ನ ತಪ್ಪು ಬರುತ್ತೆ. ತಾವು ಹೊರಿಸದೇ ಇರೋ ತಪ್ಪು, ಹಾಗಾಗಿ ನಾನೇ ಹೊತ್ಕೊಳ್ತೀನಿ. ಪಾಪ, ನಿದ್ದೆಗೆಟ್ಟು ಸೊರಗಿದ್ದಾನೆ, ಭಾನುವಾರದ ಭಾಷಣ ಒಂದು ತಪ್ಪಿಸೋಣ ಅಂತ ಉಪಕಾರ ಮಾಡೋಕೆ ಹೋದೆ. ನಿದ್ದೆ ಲೆಕ್ಕಕ್ಕೆ ಪಟ್ಟಿ ಬೆಚ್ಚಗಿರೋ ಮೈಗೆ ತಾಗಿರಬೇಕಲ್ಲ, ತಗೊಂಡು ಬೆಕ್ಕಿನ ಕುತ್ತಿಗೆಗೆ ಕಟ್ಟಿದೆ. ಅವನು ಬಟ್ಟೆ ತಗೊಳ್ಳೋಕೆ ಬಂದಾಗ ಬಿಚ್ಚಿ ಕೊಟ್ರಾಯ್ತು, ಇಬ್ಬರೂ ನಕ್ಕರಾಯ್ತು ಅಂದ್ಕೊಂಡೆ. ಅವನು ಬರಲೇ ಇಲ್ಲ. ಬೆಕ್ಕು ಮಲಗೇ ಇತ್ತು. ದಿನಕ್ಕೆ ಹದಿನಾರು ಗಂಟೆ, ಬಿಸಿ ಪೆಟ್ಟಿಗೆ ಮೇಲೆ, ಹೊಟ್ಟೆ ಮೇಲಾಗಿ. ತಾವು ಏನು ಮಾಡಿದ್ರಿ? ನಲವತ್ತೊಂದನೇ ರೂಮಿಗೆ "ತಮ್ಮ ಗಾಢ ವಿಶ್ರಾಂತಿ ಇತರರಿಗೆ ಮಾದರಿ, ಅಭಿನಂದನೆಗಳು" ಅಂತ ಮೆಸೇಜು ಕಳಿಸಿದ್ರಿ. ನಾಲ್ಕು ರಾತ್ರಿಯಿಂದ ರೆಪ್ಪೆ ಮುಚ್ಚದೇ ಗೋಡೆ ನೋಡ್ತಾ ಕೂತಿದ್ದೋನಿಗೆ ಅದು ತಲುಪಿದೆ ಮಾನ್ಯರೇ. "ನಾನೇ ನಿದ್ದೆ ಮಾಡ್ತಿದ್ದೀನೋ, ನಂಗೇ ಗೊತ್ತಾಗ್ತಿಲ್ವೋ, ತಲೆ ಪೂರ್ತಿ ಕೆಡ್ತೋ ಅಂತ ಹೆದರಿಕೆ ಆಯ್ತು ಕಣೋ" ಅಂತ ಆಮೇಲೆ ನಂಗೆ ಹೇಳಿದ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದೋರು ತಾವು, ಸರಿ. ಈಯ್ತು ಅಂತ ಹೇಳಿದೋನು ನಾನು. ಬೆಕ್ಕಿನ ವಿಷಯಕ್ಕೆ ಅವನ ಹತ್ರ ಕ್ಷಮೆ ಕೇಳಿದ್ದೀನಿ, ಬಾಯಿ ತುಂಬ. ಅದನ್ನ ಇಲ್ಲಿ ನಕಲು ಮಾಡಿ ತಮಗೆ ಕೊಡಲ್ಲ.

ಎಂಟನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಗಂಟು ಹೊತ್ಕೊಂಡು ಹೋದೆ. ತಟ್ಟಿದೆ. ಒಳಗಿಂದ ಏನೋ ನೆಲಕ್ಕೆ ಎಳೆದ ಸದ್ದು, ಅಷ್ಟೇ. "ಮಾಸ್ತರೇ, ಅಂಗಿ ಬಂದಿದೆ, ಮದುವೆಗೆ ರೆಡಿ" ಅಂದೆ. ಉತ್ತರ ಇಲ್ಲ. ಕೂಗಿದೆ. ಇಲ್ಲ. ಕೆಳಗೆ ಓಡಿ ವಾರ್ಡನ್‌ಗೆ ಹೇಳಿದೆ, ಅವರು ತಮ್ಮ ಪರದೆಯ ಮರಿ ಒಂದು ಅವರ ಟೇಬಲ್ ಮೇಲಿದೆಯಲ್ಲ, ಅದನ್ನ ನೋಡಿ, ಕನ್ನಡಕ ಒರೆಸಿ ಇನ್ನೊಂದು ಸಲ ನೋಡಿ, "ಹಸಿರಿದೆಯಲ್ಲೋ, ಆರಾಮಾಗಿ ನಿದ್ದೆ ಮಾಡ್ತಿದ್ದಾನೆ. ಮಲಗಿರೋರನ್ನ ಎಬ್ಬಿಸಬಾರದು ಅಂತ ಕ್ಷೇಮಾಧಿಕಾರಿಗಳ ಸುತ್ತೋಲೆ ಇದೆ, ಹೋಗು" ಅಂದ್ರು. ಮಲಗಿರೋದು ಯಾರು ಅಂತ ಇಡೀ ಕಟ್ಟಡದಲ್ಲಿ ನಂಗೊಬ್ಬನಿಗೇ ಗೊತ್ತಿತ್ತು. "ಅದು ಬೆಕ್ಕು ಸಾರ್!" ಅಂದೆ. ಅವರಿಗೆ ಅರ್ಥ ಆಗೋ ಅಷ್ಟು ಹೊತ್ತು ನಾನು ಕಾಯಲಿಲ್ಲ, ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಹೋದೆ. ಆಮೇಲೆ ಆ ಹೆಗಲು. ಆಮೇಲೆ ಆ ನಾಲ್ಕು ಸ್ಕ್ರೂ.

ಒಳಗೆ ಅವನು ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಕೂತಿದ್ದ, ಕಿಟಕಿಗೆ ಕಂಬಳಿ ಕಟ್ಟಿತ್ತು, ಎರಡು ದಿನದಿಂದ ಏನೂ ತಿಂದಿರಲಿಲ್ಲ. "ಏಳೋಕಾಗ್ತಿಲ್ಲ ಕಣೋ, ಬಟ್ಟೆ ತರೋಕೂ ಆಗ್ತಿಲ್ಲ, ಯಾಕೆ ಅಂತ ಕೇಳಬೇಡ" ಅಂದ. ನಂಗೇನು ಕೌನ್ಸೆಲಿಂಗ್ ಬರುತ್ತಾ? "ಯಾಕೆ ಅಂತ ಯಾರು ಕೇಳಿದ್ರೀಗ, ಹಾಸಿಗೆ ಬಟ್ಟೆ ಕೊಡು, ಮಿಷನ್ನು ಖಾಲಿ ತಿರುಗ್ತಿದೆ" ಅಂದೆ. ಹಾಸಿಗೆ ಬಟ್ಟೆಯ ಒಂದು ತುದಿ ನಾನು, ಇನ್ನೊಂದು ತುದಿ ಅವನು. ಹಿಡ್ಕೊಂಡ ಮೇಲೆ ಬಿಡಲಿಲ್ಲ, ಹಾಗೇ ಎಳ್ಕೊಂಡು ನೆಲಮಾಳಿಗೆಗೆ ಬಂದ್ವಿ. ಚಿಕ್ಕಮ್ಮ ಬಿಸಿ ಟವೆಲ್ ರಾಶಿ ಮುಂದೆ ಹಾಕಿದಳು. ಮಡಚ್ತಾ ಕೂತ. ಬ್ರೆಡ್ಡು ಕೊಟ್ಳು, ತಿಂದ. ಮೊಟ್ಟೆ ಕೊಟ್ಳು, ತಿಂದ. ಮೂವತ್ತು ಮೂವತ್ತೈದನೇ ಟವೆಲ್ಲಿಗೆ ಅತ್ತ, ಅದೇ ಟವೆಲ್ಲಲ್ಲಿ ಮುಖ ಒರೆಸ್ಕೊಂಡ, "ಹಾಳು ಮುಂಡೇದೇ, ಒಗೆದಿದ್ದು ಅದು!" ಅಂತ ಚಿಕ್ಕಮ್ಮ ಬೈದಳು, ಆಗ ನಕ್ಕ. ಮಾರನೇ ದಿನ ಅವಳೇ ಸೀರೆ ಬದಲಾಯಿಸಿ ಅವನನ್ನ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡು ಹೋದಳು. ಈಗ ಪ್ರತಿ ಗುರುವಾರ ಹೋಗ್ತಾನೆ, ಮಾತ್ರೆ ಇದೆ, ಮಾತಾಡೋದಿದೆ. ಜಾದೂ ಏನೂ ಆಗಿಲ್ಲ, ಕೆಲವು ದಿನ ಇವತ್ತಿಗೂ ಮುದ್ದೆ ಅಂಗಿಯೇ ಬರುತ್ತೆ. ಆದ್ರೆ ಮೊನ್ನೆ ಕಾಲುಚೀಲ ಜೋಡಿಯಾಗಿ ಬಂತು ಮಾನ್ಯರೇ. ನಾನೂ ಚಿಕ್ಕಮ್ಮನೂ ಅದನ್ನ ಒಗೆಯದೇ ಹತ್ತು ನಿಮಿಷ ಮೇಜಿನ ಮೇಲೆ ಇಟ್ಕೊಂಡು ನೋಡಿದ್ವಿ.

ಪಟ್ಟಿ ಎಲ್ಲಿತ್ತು, ಯಾರು ಕಟ್ಟಿದ್ದು ಅಂತ ತಮಗೆ ಹೇಳಿದ್ದೂ ನಾನೇ. ಮುಂದೆ ಯಾರ ರೂಮಿನ ಮುಂದೂ ಹಸಿರು ನೋಡಿ ಸುಮ್ನಾಗಬೇಡಿ ಅನ್ನೋಕೆ ಹೇಳಿದೆ. ಅದನ್ನ ಕೇಳಿ ತಾವು ಈ ಕಾಗದ ಟೈಪ್ ಮಾಡಿಸಿದ್ರಿ. ಈಗ ಅವನ ದಿನ ಹೇಗಿದೆ ಅಂದ್ರೆ ರೂಮಿಂದ ನೆಲಮಾಳಿಗೆಗೆ ಇನ್ನೂರು ಚಿಲ್ಲರೆ ಹೆಜ್ಜೆ, ನೆಲಮಾಳಿಗೆಯಿಂದ ಕ್ಲಾಸಿಗೆ ನಾನೂರು, ಗುರುವಾರ ಆಸ್ಪತ್ರೆ. ಈ ದಾರಿ ತಪ್ಪಿಸಿ ನಾಳೆ ಅವನನ್ನ ಪೆಟ್ಟಿಗೆ ಸಮೇತ ಕಳಿಸಿದ್ರೆ ಅವನು ಇನ್ನೊಂದು ಮಂಚಕ್ಕೂ ಗೋಡೆಗೂ ನಡುವೆ ಹೋಗಿ ಕೂರ್ತಾನೆ, ಅಲ್ಲಿ ಗೂಡು ಎಣಿಸೋ ಚಿಕ್ಕಮ್ಮ ಇರಲ್ಲ.

ಹಾಗಾಗಿ ತಮ್ಮಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆ. ನಮ್ಮ ಬೆಕ್ಕು ತಮ್ಮ ದಾಖಲೆ ಪ್ರಕಾರವೇ ವಿಶ್ವವಿದ್ಯಾಲಯದಲ್ಲಿ ಅತಿ ನೆಮ್ಮದಿಯ ವಿದ್ಯಾರ್ಥಿ, ಅದಕ್ಕೆ ಚಿನ್ನದ ಪದಕ ಕೊಟ್ಟು ನಿದ್ದೆ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿ; ಭಾನುವಾರದ ಭಾಷಣವನ್ನ ಅದೇ ಕೊಡಲಿ, ಬಂದು ಮಲಗುತ್ತೆ, ಹುಡುಗರೂ ಮಲಗಲಿ, ಎರಡು ಗಂಟೆ ಸಾರ್ಥಕ ಆಗುತ್ತೆ. ಎರಡನೇ ನಂಬರ್ ಮಿಷನ್ನು ಇಷ್ಟು ವರ್ಷದಲ್ಲಿ ಕೋಟಿ ಹೆಜ್ಜೆ ನಡೆದಿದೆ, ಅದಕ್ಕೊಂದು ಡಿಗ್ರಿ ದಯಪಾಲಿಸಿ, ಅದನ್ನ ನೋಡಿ ನಾನೂ ಒಂಬತ್ತನೇ ಕ್ಲಾಸಿಗೆ ಸೇರೋ ಮನಸ್ಸು ಮಾಡ್ತೀನಿ. ಈ ಪರದೆಯನ್ನ ಇಳಿಸಿ ಒಗೆಯೋಕೆ ಕಳಿಸಿ, ಬಣ್ಣ ಬಿಟ್ರೆ ನಾನು ಜವಾಬ್ದಾರನಲ್ಲ. ಖಾಲಿಯಾದ ಗೋಡೆಗೆ ಮುನ್ನೂರ ಹನ್ನೆರಡು ಮರದ ಗೂಡು ಹೊಡೆಸಿ, ಮತ್ತೆ ದಯವಿಟ್ಟು ತಾವು ದಿನಕ್ಕೊಂದು ಸಲ ಅದರ ಮುಂದೆ ನಡೀರಿ. ಎಂಟು ಸಾವಿರ ಹೆಜ್ಜೆ ಬೇಡ, ಇಪ್ಪತ್ತು ಸಾಕು.

ಕಾಗದದ ವಿಷಯಕ್ಕೆ ಬರ್ತೀನಿ. ಅದರ ಹಿಂದಿನ ಬಿಳಿ ಪಕ್ಕ ಚೆನ್ನಾಗಿತ್ತು, ಈ ಪತ್ರವನ್ನ ಅಲ್ಲೇ ಶುರು ಮಾಡಿದೆ, ಸಾಲದೇ ತಮ್ಮ "ಒತ್ತಡ ನಿಭಾಯಿಸಿ" ಕರಪತ್ರಗಳ ಹಿಂದುಗಡೆ ಮುಂದುವರೆಸಿದ್ದೀನಿ. ಮುಂಭಾಗದ ಸಹಿ ಜಾಗದಲ್ಲಿ ಇಷ್ಟು ಬರೆದಿದ್ದೀನಿ: ಅವನು ಕೊಡಲಿಲ್ಲ, ಅವನು ಕೇಳಲಿಲ್ಲ, ಜೇಬಿಂದ ತೆಗೆದೋನು ನಾನು, ಬೆಕ್ಕಿಗೆ ಕಟ್ಟಿದೋನು ನಾನು, ಅವನಿಗೂ ಇದಕ್ಕೂ ಸಂಬಂಧ ಇಲ್ಲ. ಅದರ ಕೆಳಗೆ ಚಿಕ್ಕಮ್ಮಂದು ಸಾಕ್ಷಿ ಹೆಬ್ಬೆಟ್ಟು ಬೇಕಾದ್ರೆ ಅವಳೇ ಬಂದು ಒತ್ತುತ್ತಾಳೆ, ಇಸ್ತ್ರಿಪೆಟ್ಟಿಗೆ ಸಮೇತ. ಯಾರನ್ನಾದ್ರೂ ಕಳಿಸಲೇಬೇಕು ಅಂತಿದ್ರೆ ನನ್ನನ್ನ ಕಳಿಸಿ. ನಂಗೆ ಕೈ ಕೆಲಸ ಗೊತ್ತು, ಎಲ್ಲಿ ಹೋದ್ರೂ ಜನ ಬಟ್ಟೆ ಕೊಳೆ ಮಾಡ್ತಾರೆ. ಇದರ ಇನ್ನೊಂದು ಪ್ರತಿಯನ್ನ ಗೂಡುಗಳ ಮೇಲೆ, ಎಲ್ಲರ ಕಣ್ಣಿಗೆ ಬೀಳೋ ಕಡೆ ಅಂಟಿಸ್ತೀನಿ.

ಈ ಚೀಲದಿಂದ ಏಳೋಕೆ ಮೂರು ಸಲ ನೋಡಿದೆ, ಆಗಲಿಲ್ಲ. ಕೊನೆಗೆ ಪಕ್ಕಕ್ಕೆ ಉರುಳಿ, ತಮ್ಮ ಪ್ಲಾಸ್ಟಿಕ್ ಗಿಡ ಹಿಡಿದು ಎದ್ದಿದ್ದೀನಿ. ಗಿಡ ಮುರೀತು. ಅದನ್ನೂ ನನ್ನ ಆರೋಪಕ್ಕೆ ಸೇರಿಸಿ, ಈ ಸಲವಾದ್ರೂ ಬರವಣಿಗೆಯಲ್ಲಿ.

ತಾವು ನಂಬದಿದ್ರೂ ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಲಾಂಡ್ರಿಯೋನು

ಮರೆತಿದ್ದು: ತಮ್ಮ ಬೂದು ಕೋಟು ಒಗೆದು ಗೂಡಲ್ಲಿಟ್ಟು ಇವತ್ತಿಗೆ ಏಳು ದಿನ. ಜೇಬಲ್ಲಿ ಏನಿತ್ತು ಅಂತ ಬರೆಯಲ್ಲ, ಬಟ್ಟೆ ಒಗೆಯೋರಿಗೆ ಜೇಬಿನ ಮರ್ಯಾದೆ ಗೊತ್ತು. ಅದರ ಬಲತೋಳಿನ ತುದಿ ಕಚ್ಚಿ ಕಚ್ಚಿ ನೂಲೆದ್ದಿತ್ತು, ಚಿಕ್ಕಮ್ಮ ಕೂತು ಹೊಲಿದಿದ್ದಾಳೆ, "ಈ ಮಹಾತಾಯೀನೂ ನಿದ್ದೆ ಮಾಡ್ತಿಲ್ಲ ಕಣೋ" ಅಂದಳು. ನಾಳೆಗೆ ಎಂಟು. ನನ್ನ ಕೆಲಸ ಇರಲಿ ಹೋಗಲಿ, ಕೋಟು ಹೊತ್ಕೊಂಡು ತಮ್ಮ ಕ್ವಾರ್ಟರ್ಸಿಗೆ ಬರ್ತೀನಿ, ಕೈಗೇ ಕೊಡ್ತೀನಿ, ಮುಖ ನೋಡ್ತೀನಿ. ತಟ್ಟಿದ ತಕ್ಷಣ ತೆಗೀರಿ. ತೆಗೆಯದಿದ್ರೆ ನಾನು ಹೇಗೆ ತೆಗೀತೀನಿ ಅಂತ ತಮಗೆ ಗೊತ್ತು. ಆಮೇಲೆ, "ಈ ಬಾಗಿಲು ಸದಾ ತೆರೆದಿರುತ್ತದೆ" ಅಂತ ಬೋರ್ಡು ಹಾಕಿ, ಬಾಗಿಲು ಮುಚ್ಚದ ಹಾಗೆ ಅದರ ಅಡಿಗೆ ಕರಪತ್ರ ಮಡಚಿ ತುರುಕಿದ್ದೀರಲ್ಲ, ಅದನ್ನ ಕಿತ್ತು ತಗೊಂಡು ಹೋಗ್ತಿದ್ದೀನಿ. ಈಗ ಮೀಟಿಂಗ್ ಹಾಲಿನವರೆಗೂ ಧಡಾರ್ ಅಂತ ಒಂದು ಸದ್ದು ಬರುತ್ತೆ. ಕೇಳಿಸ್ಕೊಳ್ಳಿ, ಅಭ್ಯಾಸಕ್ಕೆ.